ಹಸಿರು ಹೊಲದಲ್ಲಿ ಬರ ಕಾಣುವ ವಿದ್ಯೆ

ಕೊಡಗಿನಲ್ಲಿ ಗುಡ್ಡ ಕುಸಿದರೆ, ಬೆಳಗಾವಿಯಲ್ಲಿ ಕೃಷ್ಣೆ ಉಕ್ಕಿದರೆ ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಮಾಲೂರು ತಾಲ್ಲೂಕಿನ ಟೇಕಲ್ ಹೋಬಳಿಯ ವಿಪತ್ತಿಗೆ ಆ ಭಾಗ್ಯವಿಲ್ಲ. ಇಲ್ಲಿನ ವಿಪತ್ತು ಬರ. ಅದು ಯಾವ ದಿನ ಶುರುವಾಯಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಮೋಡ ಬರುತ್ತದೆ, ಹೋಗುತ್ತದೆ. ರಾಗಿ ಪೈರು ಮಧ್ಯಾಹ್ನ ಬಾಡಿ ಸಂಜೆಗೆ ಮತ್ತೆ ತಲೆ ಎತ್ತುತ್ತದೆ. ಇಂಥ ಬರವನ್ನು ಅಳೆದು, ಬರೆದು, ದೆಹಲಿಯವರು ಒಪ್ಪುವಂತೆ ಮಾಡುವ ಕೆಲಸವನ್ನು ನಾನು ಒಂದು ಕಸುಬೆಂದೇ ಎಣಿಸುತ್ತೇನೆ. ಸರ್ಕಾರಿ ಕೆಲಸವೆಂಬ ಕಾರಣಕ್ಕೆ ಅದರ ನಾಜೂಕು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಹಿಂದೆ ಇದು ಕಣ್ಣಂದಾಜಿನ ವಿದ್ಯೆಯಾಗಿತ್ತು. ಹದಿನಾರಾಣೆ ಅಂದರೆ ಭರ್ತಿ ಬೆಳೆ. ಈ ಸಲ ಆರಾಣೆಯೋ ನಾಲ್ಕಾಣೆಯೋ ಎಂದು ಊರಿನ ಲೆಕ್ಕ ಬರೆಯುವವರು ಅಂದಾಜು ಕಟ್ಟುತ್ತಿದ್ದರು. ಅಂದಾಜು ತಪ್ಪಿದರೆ, ತಡವಾದರೆ ಏನಾಗುತ್ತದೆಂಬುದಕ್ಕೆ 1876-78ರ ಧಾತು, ಈಶ್ವರ ಸಂವತ್ಸರಗಳ ಬರವೇ ಸಾಕ್ಷಿ. ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಪಾಲು ಜನ ಅದರಲ್ಲಿ ಸತ್ತರು.

ಈಗ ಆಧಾರವಾಗಿರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರಂತೆ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ. ಪರಿಹಾರದ ದುಡ್ಡಿಗೆಂದು ರಾಜ್ಯ ವಿಪತ್ತು ಸ್ಪಂದನಾ ನಿಧಿಯೂ ಅದೇ ಕಾಯ್ದೆಯಿಂದ ಬಂದದ್ದು. ಬರ ಘೋಷಿಸುವ ಅಧಿಕಾರ ರಾಜ್ಯದ್ದು. ಘೋಷಿಸುವ ಕ್ರಮ ಮಾತ್ರ ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯದ್ದು. ಕಸುಬಿನ ಸೊಗಸು ಇರುವುದು ಆ ಕೈಪಿಡಿಯಲ್ಲಿ.

ಟೇಕಲ್ಲಿನ ಕಲ್ಲುಕುಟಿಗರು ಬಂಡೆಯ ಮೇಲೆ ಸಾಲಾಗಿ ಗುಳಿ ಹೊಡೆದು, ಒಂದೊಂದಕ್ಕೂ ಬೆಣೆ ಇಟ್ಟು, ಎಲ್ಲವನ್ನೂ ಸರದಿಯಂತೆ ಬಡಿದಾಗ ಬಂಡೆ ಗೆರೆ ಹಿಡಿದು ಸೀಳುತ್ತದೆ. ಕೈಪಿಡಿಯೂ ಹಾಗೇ ಒಂದೊಂದೇ ಬೆಣೆ ಇಡುತ್ತದೆ. ಮೊದಲನೆಯದು ಮಳೆ: ವಾಡಿಕೆಗಿಂತ ಎಷ್ಟು ಕಮ್ಮಿ, ಸತತ ಮೂರು-ನಾಲ್ಕು ವಾರ ವಾಡಿಕೆಯ ಅರ್ಧವೂ ಬಿದ್ದಿಲ್ಲವೇ ಎಂಬ ಲೆಕ್ಕ. ಇಲ್ಲಿ ಕರ್ನಾಟಕದ ಕೈ ಮೇಲು. 1988ರಲ್ಲೇ ಬರ ನಿಗಾ ಘಟಕ ಕಟ್ಟಿದ ರಾಜ್ಯ ನಮ್ಮದು. ಅದೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ನಿಂತು, ತಾವಾಗಿ ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಪಕ್ಕದೂರಿಗೆ ಸುರಿದ ಮಳೆಯನ್ನು ನಮ್ಮೂರಿನ ಲೆಕ್ಕಕ್ಕೆ ಹಾಕುವ ಹಳೇ ಅನ್ಯಾಯ ಇದರಿಂದ ಎಷ್ಟೋ ತಗ್ಗಿತು.

ಆಮೇಲೆ ನಾಲ್ಕು ಬಗೆಯ ಪರಿಣಾಮಗಳು: ಬಿತ್ತನೆಯಾದ ಪ್ರದೇಶ, ಉಪಗ್ರಹಕ್ಕೆ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ-ಅಂತರ್ಜಲಗಳ ನೀರು. ನಾಲ್ಕರಲ್ಲಿ ಮೂರನ್ನು ರಾಜ್ಯ ಆರಿಸಿಕೊಳ್ಳಬಹುದು. ಕೊನೆಯ ಬೆಣೆ ಹೊಲದಲ್ಲೇ. ತಾಲ್ಲೂಕಿನ ನೂರಕ್ಕೆ ಹತ್ತು ಹಳ್ಳಿಗಳನ್ನು ಮನಸ್ಸಿಗೆ ಬಂದಂತಲ್ಲದೆ ಚೀಟಿ ಎತ್ತಿದಂತೆ ಆರಿಸಿ, ಮುಖ್ಯ ಬೆಳೆ ಒಂದೊಂದಕ್ಕೂ ಐದೈದು ಜಾಗ ನೋಡಬೇಕು. ಶೇ. 33 ದಾಟಿದ ನಷ್ಟ ಬರ, ಶೇ. 50 ದಾಟಿದರೆ ತೀವ್ರ ಬರ.

ಈ ಹೊಲದ ಭೇಟಿ ಬರಿಯ ಶಾಸ್ತ್ರವೆಂದು ತಿಳಿದವರಿಗೆ 2023 ಪಾಠ ಕಲಿಸಿತು. ಆ ವರ್ಷದ ಆಗಸ್ಟ್ ಶತಮಾನದಲ್ಲೇ ಅತಿ ಒಣ ಆಗಸ್ಟ್. ಮುಂದೆ ಬಿದ್ದ ಅಷ್ಟಿಷ್ಟು ಮಳೆಗೆ ಪೈರು ಹಸಿರೇರಿತು, ಕಾಳು ಕಟ್ಟಲಿಲ್ಲ. ಉಪಗ್ರಹಕ್ಕೆ ಹಸಿರಷ್ಟೇ ಗೊತ್ತು; ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದಾಗ ಉಳಿಯುವುದು ಕಾಳೋ, ಹಾರಿಹೋಗುವುದು ಜೊಳ್ಳೋ ಎಂಬುದು ಅದಕ್ಕೆ ತಿಳಿಯದು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಕೇಂದ್ರ ತಂಡದ ಮುಂದೆ ಇದಕ್ಕೆ ‘ಹಸಿರು ಬರ’ ಎಂದೇ ಹೆಸರಿಟ್ಟು ವಾದಿಸಿದರು. ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳಿದ್ದ ಪಟ್ಟಿ ಕೊನೆಗೆ 223ಕ್ಕೆ ಏರಿತು. ಆಗ ರಾಜ್ಯದ ಲೆಕ್ಕದಲ್ಲಿ ಇದ್ದದ್ದೇ 236.

ದುಡ್ಡಿನ ಕಥೆ ಅಷ್ಟು ಸೊಗಸಲ್ಲ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಕೇಂದ್ರದಿಂದ ಬಾರದೆ ಇದ್ದಾಗ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಆಗ ಸಿಕ್ಕಿದ್ದು ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಉಳುಮೆ, ಬೀಜ, ಗೊಬ್ಬರ, ಕಳೆ ಕೀಳುವ ಕೂಲಿ ಕೂಡಿಸಿ ನೋಡಿದವರಿಗೆ ಇದು ಎಷ್ಟಕ್ಕಾಗುತ್ತದೆಂದು ಹೇಳಬೇಕಿಲ್ಲ. ಅಳೆಯುವುದರಲ್ಲಿ ಇಷ್ಟು ಸೂಕ್ಷ್ಮವಾದ ವ್ಯವಸ್ಥೆ ಕೊಡುವುದರಲ್ಲಿ ಒರಟಾಗಿಯೇ ಉಳಿದಿದೆ. ಅಳೆಯುವ ಕಸುಬಿನವರ ತಪ್ಪು ಇದರಲ್ಲಿಲ್ಲ.

ಆ ದುಡ್ಡೂ ರೈತರ ಖಾತೆಗೆ ಹೋದದ್ದು ಸರ್ಕಾರದ ರೈತ ನೋಂದಣಿ ಪಟ್ಟಿಯಾದ ‘ಫ್ರೂಟ್ಸ್’ ಮತ್ತು ಬೆಳೆ ಸಮೀಕ್ಷೆಯ ದಾಖಲೆಗಳ ಆಧಾರದ ಮೇಲೆ. ಹೊಲದಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಇದ್ದು ಸಮೀಕ್ಷೆಯಲ್ಲಿ ಪಾಳು ಎಂದು ಬರೆದಿದ್ದರೆ ಮಳೆಮಾಪಕವಾಗಲಿ ಉಪಗ್ರಹವಾಗಲಿ ನೆರವಿಗೆ ಬರುವುದಿಲ್ಲ. ಈ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯವರು ಬಂದಾಗ ಬದುವಿನ ಮೇಲೆ ನಿಮ್ಮ ಮನೆಯವರೊಬ್ಬರು ನಿಂತಿರಲಿ. ಆಮೇಲೆ ಬೆಳೆ ದರ್ಶಕ್ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿನ ಮುಂದೆ ಏನಿದೆಯೆಂದು ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ.