ಒಂದು ಕಂತು ಜಾರಿದರೆ ಜೀನ್ ಬಂದ್!

ಕೂಸುಗಳಿಗೆ 6, 10, 14ನೇ ವಾರಕ್ಕೆ ಹಾಕಿಸುವ ಪೆಂಟಾವೇಲೆಂಟ್ ಲಸಿಕೆ ತಡೆಯುವ ಐದು ರೋಗಾಣುಗಳಲ್ಲಿ ಹಿಬ್ ಒಂದು. ಪೂರ್ತಿ ಹೆಸರು ಹೀಮೋಫಿಲಸ್ ಇನ್‌ಫ್ಲುಯೆಂಜೆ ಬಿ. ಫ್ಲೂ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರಿಟ್ಟವರ ಎಡವಟ್ಟು ಅಷ್ಟೇ. ಇದರ ಲಿಕ್-1ಎ ಎಂಬ ಜೀನ್‌ನ ಆರಂಭದಲ್ಲೇ ಸಿ-ಎ-ಎ-ಟಿ, ಸಿ-ಎ-ಎ-ಟಿ ಎಂದು ಅವೇ ನಾಲ್ಕು ಅಕ್ಷರ ಸಾಲಾಗಿ ಮರುಕಳಿಸುತ್ತವೆ. ಡಿಎನ್‌ಎ ನಕಲಾಗುವಾಗ ಇಂಥ ಕಡೆ ನಾಲ್ಕಕ್ಷರದ ಒಂದು ಕಂತು ಹೆಚ್ಚೋ ಕಡಿಮೆಯೋ ಆಗುವುದು ಸುಲಭ. ಜೀವಕೋಶ ಓದುವುದು ಮೂರು ಮೂರು ಅಕ್ಷರ. ನಾಲ್ಕು ಕೂಡಿದರೆ ಮುಂದಿನ ಓದೆಲ್ಲ ತಪ್ಪಿ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಮ್ಮೆ ಜಾರಿದಾಗ ಜೀನ್ ಮತ್ತೆ ಚಾಲೂ ಆಗಬಹುದು. 1989ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು.

ಬರೀ ನಕಲಿನ ತಪ್ಪನ್ನು ಜೀನ್‌ನ ನಿಯಂತ್ರಣ ಎನ್ನಬಹುದೇ? ಎನ್ನಬಹುದು. ಯಾವಾಗ ಜಾರುತ್ತದೆ ಎಂಬುದು ಆಕಸ್ಮಿಕ, ಎಲ್ಲಿ ಜಾರುತ್ತದೆ ಎಂಬುದಲ್ಲ. ಈ ಜೀನ್ ಚಾಲೂ ಇದ್ದರೆ ರೋಗಾಣುವಿನ ಮೈಮೇಲೆ ಫಾಸ್ಫೊರಿಲ್‌ಕೋಲಿನ್ ಕೂರುತ್ತದೆ. ಗಂಟಲಲ್ಲಿ ಅಂಟಿಕೊಳ್ಳಲು ಅದು ಅನುಕೂಲ. ರಕ್ತದಲ್ಲಿ ಮಾತ್ರ ಸಿಆರ್‌ಪಿ ಎಂಬ ಪ್ರೋಟೀನ್ ಅದನ್ನೇ ಹಿಡಿದು ರೋಗಾಣುವನ್ನು ಸಿಕ್ಕಿಹಾಕಿಸುತ್ತದೆ. ಹಿಂಡಿನಲ್ಲಿ ಎರಡೂ ಬಗೆಯವು ಮೊದಲೇ ಇರುವುದರಿಂದ ಎಲ್ಲಿ ಹೋದರೂ ಕೆಲವು ಬದುಕುತ್ತವೆ. ಹಾಗಾದರೆ ಲಸಿಕೆಗೂ ಚಳ್ಳೆಹಣ್ಣು ತಿನ್ನಿಸಬೇಕಿತ್ತಲ್ಲ? ಲಸಿಕೆ ಗುರಿಯಿಟ್ಟಿರುವುದು ಹಿಬ್‌ನ ಸಕ್ಕರೆ ಹೊದಿಕೆಗೆ. ಆ ಹೊದಿಕೆ ಕಳಚಿದ ರೋಗಾಣು ರಕ್ತದಲ್ಲಿ ಉಳಿಯುವುದೇ ಕಷ್ಟ.