‘ದ್ರವಸ್ಫಟಿಕ’: ಪದದ ಔಚಿತ್ಯ ಮತ್ತು ದ್ರವ್ಯದ ಸ್ವರೂಪ

ದ್ರವವು ಹರಿಯುತ್ತದೆ, ಸ್ಫಟಿಕದಲ್ಲಿ ಅಣುಗಳು ನಿಯತವಾದ ನೆಲೆಗಳಲ್ಲಿ ನಿಂತಿರುತ್ತವೆ. ಈ ಎರಡನ್ನೂ ಕೂಡಿಸಿದ ‘ದ್ರವಸ್ಫಟಿಕ’ ಎಂಬ ಸಮಾಸವು ಮೇಲುನೋಟಕ್ಕೆ ವಿರೋಧಾಭಾಸದಂತೆ ಕಾಣುತ್ತದೆ. 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಷ್ ರೈನಿಟ್ಜರ್ ಅವರು ಕೊಲೆಸ್ಟೆರಾಲ್‌ನ ಸಂಯುಕ್ತವೊಂದನ್ನು ಕಾಯಿಸಿದಾಗ ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಯಿತು, ತಿಳಿಯಾದದ್ದು 178.5 ಡಿಗ್ರಿಯಲ್ಲಿ. ಮರುವರ್ಷ ಆಟೊ ಲೇಮನ್ ಇದನ್ನು ‘ಹರಿಯುವ ಸ್ಫಟಿಕ’ವೆಂದು ಕರೆದರು. ಆದರೆ 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಹೆಸರನ್ನೇ ಆಕ್ಷೇಪಿಸಿದರು. ಇದು ದ್ರವವೂ ಅಲ್ಲ, ಸ್ಫಟಿಕವೂ ಅಲ್ಲ, ನಡುವಣ ಬೇರೊಂದು ಸ್ಥಿತಿ ಎಂಬುದು ಅವರ ವಾದ. ಅದಕ್ಕೆ ಆಧಾರವಿತ್ತು: ಇಂಥ ದ್ರವ್ಯಗಳ ಸರಳತಮ ಪ್ರಭೇದದಲ್ಲಿ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಒಲಿದಿರುತ್ತವೆಯೇ ಹೊರತು ಅವುಗಳಿಗೆ ನಿಶ್ಚಿತ ನೆಲೆಯಿಲ್ಲ.

ಈ ವಾದವನ್ನು ಮರುಪರಿಶೀಲಿಸುವಂತೆ ಮಾಡುವ ಶೋಧ ನಡೆದದ್ದು ಬೆಂಗಳೂರಿನಲ್ಲಿ. ಅಣುವು ಕಡ್ಡಿಯಾಕಾರದಲ್ಲಿದ್ದರೆ ಮಾತ್ರ ಈ ಸ್ಥಿತಿ ಸಾಧ್ಯವೆಂಬ ನಂಬಿಕೆ ಬಹುಕಾಲ ಬಲವಾಗಿತ್ತು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳಲ್ಲಿಯೂ ಅದನ್ನು ಕಂಡು, ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಅಣುವಿನ ನಡುವೆ ಗಡುಸಾದ ಬೆಂಜೀನ್ ಉಂಗುರ. ಸುತ್ತಲೂ ಬಾಗಿ ಬಳುಕುವ ಆರು ಇಂಗಾಲದ ಸರಪಳಿಗಳು. ಕಾಯಿಸಿದಾಗ ಸರಪಳಿಗಳು ಮೊದಲು ಸಡಿಲಗೊಳ್ಳುತ್ತವೆ. ನಡುವಿನ ಉಂಗುರಗಳು ಮಾತ್ರ ಪೇರಿಸಿದ ರೊಟ್ಟಿಗಳಂತೆ ಒಂದರ ಮೇಲೊಂದು ಉಳಿದು ಕಂಬಗಳಾಗುತ್ತವೆ. ಕಂಬಗಳು ಜೇನುಹಟ್ಟಿನ ಷಟ್ಕೋನ ವಿನ್ಯಾಸದಲ್ಲಿ ನಿಲ್ಲುತ್ತವೆ. ಆದರೆ ಒಂದೊಂದು ಕಂಬದೊಳಗೆ ಬಿಲ್ಲೆಗಳ ನಡುವಿನ ಅಂತರ ಅನಿಯತ. ಅಡ್ಡಲಾಗಿ ಎರಡು ಆಯಾಮಗಳಲ್ಲಿ ಸ್ಫಟಿಕದ ಕ್ರಮ. ಕಂಬದ ಉದ್ದಕ್ಕೆ ದ್ರವದ ಅಕ್ರಮ. ಈ ಕ್ರಮಕ್ಕೆ ಉಂಗುರದ ಗಡುಸುತನದಷ್ಟೇ ಸರಪಳಿಗಳ ಮೃದುತ್ವವೂ ಕಾರಣವೆಂಬುದು ಗಮನಾರ್ಹ.

ಇಲ್ಲಿ ಫ್ರೀಡೆಲ್ ಅವರ ‘ಅದೂ ಅಲ್ಲ, ಇದೂ ಅಲ್ಲ’ ಎಂಬ ಮಾತು ಸಾಲದು. ಇದು ಒಂದು ದಿಕ್ಕಿನಲ್ಲಿ ದ್ರವ, ಉಳಿದೆರಡರಲ್ಲಿ ಸ್ಫಟಿಕ. ‘ದ್ರವಸ್ಫಟಿಕ’ವನ್ನು ‘ದ್ರವವಾದ ಸ್ಫಟಿಕ’ವೆಂದು ಬಿಡಿಸುವುದು ವಾಡಿಕೆ, ಆದರೆ ‘ಶೀತೋಷ್ಣ’ದಂತೆ ಎರಡೂ ಪದಗಳು ವಿಶೇಷಣವಾಗುವ ಕರ್ಮಧಾರಯವೆಂದು ಬಿಡಿಸಿದರೆ ಬೆಂಗಳೂರಿನ ಈ ದ್ರವ್ಯಕ್ಕೆ ಹೆಚ್ಚು ಒಪ್ಪುತ್ತದೆ.

ಈ ಪ್ರಭೇದಕ್ಕೆ ‘ಚಕ್ರ’ ಶಬ್ದವನ್ನು ಬಳಸಬಹುದಾದರೂ ಅದು ತಿರುಗುವಿಕೆಯನ್ನು ಧ್ವನಿಸುತ್ತದೆ. ‘ಬಿಲ್ಲೆ’ ಆಕಾರವನ್ನಷ್ಟೇ ಹೇಳುತ್ತದೆ. ಪಾಠ ಹೇಳುವವರಿಗೂ ಕೇಳುವವರಿಗೂ ಪರಿಚಿತವಾದ ಪದವದು.