ಉಲ್ಕಾಘಾತದ ಗಾಜು: ಲೋಣಾರ್ ನಮೂನೆಗಳ ಪರೀಕ್ಷೆ

ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರವು ಸುಮಾರು 1.8 ಕಿ.ಮೀ. ವ್ಯಾಸದ ಕುಳಿಯಲ್ಲಿದೆ. ಸುತ್ತಲಿನ ಬಸಾಲ್ಟ್ ಶಿಲೆಯು ಲಾವಾದಿಂದ ಉಂಟಾದುದರಿಂದ ಕುಳಿಯೂ ಜ್ವಾಲಾಮುಖಿಯದೆಂಬ ಅಭಿಪ್ರಾಯ ಹಿಂದೆ ಇದ್ದಿತು. ಅಲ್ಲಿನ ಗಾಜಿನ ಪರೀಕ್ಷೆಯಿಂದ ಈ ಪ್ರಶ್ನೆ ಇತ್ಯರ್ಥವಾಯಿತು.

ಪರೀಕ್ಷಾ ವಿಧಾನಗಳು

1. ಸೂಕ್ಷ್ಮದರ್ಶಕ ಪರೀಕ್ಷೆ: ಶಿಲೆಯನ್ನು 0.03 ಮಿ.ಮೀ. ದಪ್ಪಕ್ಕೆ ಅರೆದು ಎರಡು ಅಡ್ಡ ಧ್ರುವಕಗಳ ನಡುವೆ ನೋಡಲಾಗುತ್ತದೆ. ಬಹುತೇಕ ಹರಳುಗಳು ಬೆಳಗುತ್ತವೆ. ಗಾಜು ಕಪ್ಪಾಗಿ ಉಳಿಯುತ್ತದೆ. ಲೋಣಾರ್‌ನಲ್ಲಿ ಕೊರೆದು ತೆಗೆದ ಶಿಲೆಗಳಲ್ಲಿ ಫೆಲ್ಡ್‌ಸ್ಪಾರ್ ಹರಳುಗಳು ಆಕಾರ ಕೆಡದೆ ಗಾಜಾಗಿರುವುದು 1973ರಲ್ಲಿ ವರದಿಯಾಯಿತು. ಮಾಸ್ಕೆಲಿನೈಟ್ ಎಂಬ ಈ ಗಾಜು ಆಘಾತದ ಒತ್ತಡದಿಂದ ಉಂಟಾಗುತ್ತದೆ, ಜ್ವಾಲಾಮುಖಿಯಿಂದಲ್ಲ.

2. ರಾಸಾಯನಿಕ ವಿಶ್ಲೇಷಣೆ: ಎಲೆಕ್ಟ್ರಾನ್ ಕಿರಣ ಹಾಯಿಸಿ ಧಾತುಗಳನ್ನು ಅಳೆಯಲಾಗುತ್ತದೆ. ಲೋಣಾರ್ ಗಾಜು ಸ್ಥಳೀಯ ಬಸಾಲ್ಟನ್ನು ಹೋಲುತ್ತದೆ. ಅತಿ ಸಣ್ಣ ಗುಂಡುಗಳಲ್ಲಿ ಕಂಡ ಅಧಿಕ ನಿಕ್ಕಲ್ ಉಲ್ಕೆಯ ಅಂಶವನ್ನು ಸೂಚಿಸುತ್ತದೆ.

3. ಕಾಲನಿರ್ಣಯ: ಶಿಲೆ ಕರಗಿದಾಗ ಆರ್ಗಾನ್ ಅನಿಲ ಹೊರಹೋಗುತ್ತದೆ. ಬಳಿಕ ಪೊಟ್ಯಾಸಿಯಂ ಕ್ಷಯದಿಂದ ಶೇಖರವಾದ ಆರ್ಗಾನ್ ವಯಸ್ಸನ್ನು ತಿಳಿಸುತ್ತದೆ. 1997ರ ಉಷ್ಣದೀಪ್ತಿ ಮಾಪನದಲ್ಲಿ ಸುಮಾರು 52,000 ವರ್ಷವಿದ್ದ ಕುಳಿಯ ವಯಸ್ಸು, 2011ರ ಆರ್ಗಾನ್ ಮಾಪನದಲ್ಲಿ ಸುಮಾರು 5,70,000 ವರ್ಷವೆಂದು ಕಂಡುಬಂದಿತು.

ಸಾರ್ವಜನಿಕರ ಗಮನಕ್ಕೆ

ಗಾಜಿನಂತೆ ಹೊಳೆಯುವ ಕಲ್ಲುಗಳೆಲ್ಲವೂ ಉಲ್ಕಾಘಾತದವಲ್ಲ. ಹಳೆಯ ಕುಲುಮೆಗಳ ಕಿಟ್ಟವೂ ಹಾಗೆಯೇ ಕಾಣುತ್ತದೆ. ದೊರೆತ ಸ್ಥಳ ತಿಳಿಯದ ಗಾಜು ಯಾವ ಕುಳಿಗೂ ಸಾಕ್ಷಿಯಾಗಲಾರದು. ಆದುದರಿಂದ ಲೋಣಾರ್‌ನ ಕಲ್ಲುಗಳನ್ನು ನೆನಪಿನ ವಸ್ತುವಾಗಿ ಒಯ್ಯಬಾರದು. ಬೇರೆಡೆ ದೊರೆತ ಕಲ್ಲನ್ನು ಪರೀಕ್ಷೆಗೆ ಸಲ್ಲಿಸುವವರು ಅದು ದೊರೆತ ಸ್ಥಳ, ಆಳ ಹಾಗೂ ದಿನಾಂಕವನ್ನು ಬರೆದು ಲಗತ್ತಿಸುವುದು ಸೂಕ್ತ.